ಮಾಧ್ಯಮಿಕ ಶಾಲೆಗಳಲ್ಲಿ ಚಿತ್ರಕಲೆ: ಮುಂಬಯಿ ಇಲಾಖೆಯ ಗ್ರೇಡ್ ಪರೀಕ್ಷೆಗಳ ಒಂದು ವಿವೇಚನೆ

೧

ಮುಂಬಯಿ, ಪುಣೆ, ಸೊಲ್ಲಾಪುರಗಳ ಮಾಧ್ಯಮಿಕ ಶಾಲೆಗಳಲ್ಲಿ ಓದಿದವರಿಗೆ ‘ಎಲಿಮೆಂಟರಿ’, ‘ಇಂಟರ್‌ಮೀಡಿಯೆಟ್’ ಎಂಬ ಎರಡು ಮಾತುಗಳ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಾಲೇಜಿನ ಹಳೆಯ ಇಂಟರ್‌ಮೀಡಿಯೆಟ್ ತರಗತಿಗೂ ಇವಕ್ಕೂ ಸಂಬಂಧವಿಲ್ಲ. ಇವು ಚಿತ್ರಕಲೆಯಲ್ಲಿ ಸರಕಾರವು ನಡೆಸುವ ಎರಡು ಗ್ರೇಡ್ ಪರೀಕ್ಷೆಗಳು. ಶಾಲೆಯ ಹುಡುಗರು ವರ್ಷಕ್ಕೊಮ್ಮೆ ಹಲಗೆ, ಪೆನ್ಸಿಲು, ಕಂಪಾಸು, ಬಣ್ಣದ ಪೆಟ್ಟಿಗೆಗಳನ್ನು ಹೊತ್ತುಕೊಂಡು ಪರೀಕ್ಷಾ ಕೇಂದ್ರಕ್ಕೆ ಹೋಗುತ್ತಿದ್ದರು. ಮಹಾರಾಷ್ಟ್ರದಲ್ಲಿ ಇಂದಿಗೂ ಹೋಗುತ್ತಾರೆ. ೧೯೫೬ಕ್ಕೆ ಮುಂಚೆ ಮುಂಬಯಿ ಆಡಳಿತಕ್ಕೆ ಒಳಪಟ್ಟಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಜಿಲ್ಲೆಗಳ ಹಿರಿಯರಿಗೂ ಇವು ಪರಿಚಿತವಾದ ಹೆಸರುಗಳೇ.

ಆದರೆ ಈ ಪರೀಕ್ಷೆಗಳ ಇತಿಹಾಸವನ್ನು ಹುಡುಕ ಹೊರಟವನಿಗೆ ಒಂದು ವಿಚಿತ್ರ ಸ್ಥಿತಿ ಎದುರಾಗುತ್ತದೆ. ಶಿಕ್ಷಣದ ಇತಿಹಾಸವನ್ನು ಬರೆದವರು ಭಾಷೆ, ಗಣಿತ, ಇಂಗ್ಲಿಷು, ವಿಶ್ವವಿದ್ಯಾಲಯಗಳ ಮಾತನ್ನು ವಿಸ್ತಾರವಾಗಿ ಹೇಳಿ ಚಿತ್ರಕಲೆಯನ್ನು ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಕಲೆಯ ಇತಿಹಾಸವನ್ನು ಬರೆದವರು ಕಲಾವಿದರ ಜೀವನವನ್ನೂ ಕೃತಿಗಳನ್ನೂ ವಿವರಿಸುತ್ತಾರೆಯೇ ಹೊರತು, ಆ ಕಲಾವಿದರು ಮೊದಲು ಪೆನ್ಸಿಲು ಹಿಡಿದ ಶಾಲೆಯ ಕೋಣೆಯೊಳಗೆ ಇಣುಕಿ ನೋಡುವುದಿಲ್ಲ. ಈ ಎರಡು ಇತಿಹಾಸಗಳ ನಡುವಣ ಸಂದಿಯಲ್ಲಿ ಶಾಲೆಯ ಚಿತ್ರದ ತರಗತಿ ಬಿದ್ದುಹೋಗಿದೆ. ಕಲಾವಿದರಾದವರು ಕೆಲವರು, ಚಿತ್ರದ ತರಗತಿಯಲ್ಲಿ ಕುಳಿತು ಎದ್ದವರು ಲೆಕ್ಕವಿಲ್ಲದಷ್ಟು ಜನ. ಆ ತರಗತಿ ಯಾತಕ್ಕಾಗಿ ಹುಟ್ಟಿತು, ಯಾರ ಪಾಲಿಗೆ ಏನಾಯಿತು ಎಂಬುದು ವಿಚಾರಕ್ಕೆ ಅರ್ಹವಾದ ವಿಷಯ. ಆ ಇತಿಹಾಸದ ಸಾರವನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಹೀಗೆ: ಪರೀಕ್ಷೆಯು ಚಿತ್ರಕಲೆಯನ್ನು ಶಾಲೆಯ ಒಳಗೆ ಉಳಿಸಿತು, ಆದರೆ ಪರೀಕ್ಷೆಯ ಕಾಗದದಲ್ಲಿ ಹಿಡಿಸದೆ ಇದ್ದುದನ್ನೆಲ್ಲ ಶಾಲೆಯ ಬಾಗಿಲಿನ ಹೊರಗೇ ನಿಲ್ಲಿಸಿತು.

೨

ಮುಂಬಯಿಯ ಚಿತ್ರದ ತರಗತಿಯ ಬೇರು ಮುಂಬಯಿಯಲ್ಲಿಲ್ಲ. ಅದನ್ನು ಲಂಡನ್ನಿನಲ್ಲಿ ಅರಸಬೇಕು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಗ್ಲೆಂಡಿನ ಗಿರಣಿಗಳು ಜಗತ್ತಿಗೆಲ್ಲ ಬಟ್ಟೆಯನ್ನು ನೇಯ್ದು ಕೊಡುತ್ತಿದ್ದರೂ ಅಂದಚೆಂದದ ಮಾತಿನಲ್ಲಿ ಫ್ರಾನ್ಸಿನ ಸರಕುಗಳೇ ಮೇಲಾಗಿದ್ದುವು. ಯಂತ್ರ ಇತ್ತು, ಬಂಡವಾಳ ಇತ್ತು. ಒಳ್ಳೆಯ ನಕ್ಷೆಯನ್ನು ಬರೆಯಬಲ್ಲ ಕೈ ಇರಲಿಲ್ಲ. ಈ ಕೊರತೆಯನ್ನು ನೀಗಲೆಂದು ೧೮೩೭ರಲ್ಲಿ ಅಲ್ಲಿಯ ಸರಕಾರ ವಿನ್ಯಾಸದ ಶಾಲೆಯೊಂದನ್ನು ತೆರೆಯಿತು. ೧೮೫೧ರ ಮಹಾಪ್ರದರ್ಶನದಲ್ಲಿ ನಾನಾ ದೇಶಗಳ ವಸ್ತುಗಳು ಒಂದೇ ಸೂರಿನಡಿ ಬಂದು ನಿಂತಾಗ ಈ ಕೊರತೆ ಇನ್ನಷ್ಟು ಎದ್ದು ಕಂಡಿತು. ಅದಾದ ಮೇಲೆ ಹೆನ್ರಿ ಕೋಲ್ ಎಂಬ ದಕ್ಷ ಅಧಿಕಾರಿಯ ಕೈಗೆ ಈ ಕೆಲಸ ಬಂದಿತು. ೧೮೫೩ರಲ್ಲಿ ವಿಜ್ಞಾನ ಮತ್ತು ಕಲಾ ಇಲಾಖೆ ರೂಪುಗೊಂಡಿತು. ಮುಂದೆ ಅದರ ನೆಲೆಯಾದ ಸೌತ್ ಕೆನ್ಸಿಂಗ್ಟನ್ನಿನ ಹೆಸರೇ ಅದರ ಪದ್ಧತಿಗೂ ಅಂಟಿಕೊಂಡಿತು.

ಆ ಪದ್ಧತಿಯ ಪಾಠಕ್ರಮವನ್ನು ರಚಿಸಿದವನು ರಿಚರ್ಡ್ ರೆಡ್‌ಗ್ರೇವ್. ಅದರಲ್ಲಿ ಇಪ್ಪತ್ತಮೂರು ಮೆಟ್ಟಿಲುಗಳು. ಉಪಕರಣಗಳ ನೆರವಿನಿಂದ ಗೆರೆ ಎಳೆಯುವುದು ಮೊದಲ ಮೆಟ್ಟಿಲು. ಚಪ್ಪಟೆಯಾದ ಮಾದರಿಯನ್ನು ನೋಡಿ ಬರಿಗೈಯಿಂದ ಬರೆಯುವುದು ಮುಂದಿನದು. ಆಮೇಲೆ ಗಚ್ಚಿನ ಅಚ್ಚುಗಳು, ನೆರಳು, ಬಣ್ಣ, ಮನುಷ್ಯಾಕೃತಿ. ಸ್ವತಂತ್ರವಾಗಿ ವಿನ್ಯಾಸವನ್ನು ಕಲ್ಪಿಸುವ ಕೆಲಸ ಬರುವುದು ಕಟ್ಟಕಡೆಯ ಮೆಟ್ಟಿಲುಗಳಲ್ಲಿ. ವಿನ್ಯಾಸಕ್ಕಾಗಿಯೇ ಹುಟ್ಟಿದ ಶಿಕ್ಷಣದಲ್ಲಿ ವಿನ್ಯಾಸವೇ ಕೊನೆಯ ಪಾಠವಾದುದು ಗಮನಾರ್ಹ. ಬಹುಮಂದಿ ವಿದ್ಯಾರ್ಥಿಗಳು ಅಲ್ಲಿಯವರೆಗೆ ಏರುತ್ತಲೇ ಇರಲಿಲ್ಲ. ಅವರ ಪಾಲಿಗೆ ಕಲೆಯೆಂದರೆ ಇನ್ನೊಬ್ಬರು ಬರೆದ ಗೆರೆಯನ್ನು ತಪ್ಪಿಲ್ಲದೆ ಮತ್ತೆ ಬರೆಯುವುದು.

ಈ ಏಣಿಗೆ ಹಣದ ಹಗ್ಗವನ್ನೂ ಕಟ್ಟಲಾಗಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾದ ವಿದ್ಯಾರ್ಥಿಗಳ ಲೆಕ್ಕದ ಮೇಲೆ ಶಿಕ್ಷಕನಿಗೂ ಶಾಲೆಗೂ ಹಣ ಸಲ್ಲುವ ಪದ್ಧತಿಯದು. ‘ಫಲಕ್ಕೆ ತಕ್ಕ ವೇತನ’ವೆಂಬ ಈ ತತ್ತ್ವವನ್ನು ಮುಂಬಯಿಯ ಶಿಕ್ಷಣ ಖಾತೆಯೂ ಶಾಲೆಗಳ ಸಹಾಯಧನದ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕೈಕೊಂಡಿತ್ತು. ಹಣವು ಯಾವುದನ್ನು ಎಣಿಸುತ್ತದೆಯೋ ಶಿಕ್ಷಕನು ಅದನ್ನೇ ಕಲಿಸುತ್ತಾನೆ. ಮಗುವಿನ ಕಲ್ಪನೆಯನ್ನು ಎಣಿಸಲಾಗದು. ಗೆರೆ ನೇರವಾಗಿದೆಯೋ ಸೊಟ್ಟಗಿದೆಯೋ ಎಂಬುದನ್ನು ಎಣಿಸಬಹುದು. ಕಲಾಶಿಕ್ಷಣದ ಸ್ವರೂಪವನ್ನು ನಿರ್ಧರಿಸುವಲ್ಲಿ ಸೌಂದರ್ಯಮೀಮಾಂಸೆಗಿಂತ ಈ ಎಣಿಕೆಯ ಪಾತ್ರವೇ ದೊಡ್ಡದೆಂದರೆ ತಪ್ಪಾಗಲಾರದು.

ಇಲ್ಲಿ ಇನ್ನೊಂದು ಸಂಗತಿಯನ್ನು ನೆನೆಯಬೇಕು. ೧೮೫೧ರ ಪ್ರದರ್ಶನದಲ್ಲಿ ಇಂಗ್ಲಿಷ್ ವಿಮರ್ಶಕರ ಮನಸ್ಸನ್ನು ಸೆಳೆದ ವಸ್ತುಗಳಲ್ಲಿ ಭಾರತದ ನೇಯ್ಗೆಗಳೂ ಕುಸುರಿಯ ಕೆಲಸಗಳೂ ಸೇರಿದ್ದುವು. ಚಪ್ಪಟೆಯಾದ ಬಟ್ಟೆಯ ಮೇಲೆ ಉಬ್ಬಿದ ಗುಲಾಬಿಯ ಭ್ರಮೆಯನ್ನು ಹುಟ್ಟಿಸುವ ಯುರೋಪಿನ ಚಪಲವು ಭಾರತದ ಕುಶಲಕರ್ಮಿಗೆ ಇರಲಿಲ್ಲ. ಅವನ ಹೂವು ಹೂವಿನ ಲಾಂಛನ, ಅವನ ಅಂಚು ರೇಖೆಗಳ ಲಯ. ಇದನ್ನು ಮೆಚ್ಚಿದವರಲ್ಲಿ ಓವೆನ್ ಜೋನ್ಸ್ ಒಬ್ಬ. ೧೮೫೬ರಲ್ಲಿ ಅವನು ಹೊರತಂದ ‘ಅಲಂಕಾರದ ವ್ಯಾಕರಣ’ ಎಂಬ ಬೃಹದ್‌ಗ್ರಂಥದಲ್ಲಿ ಭಾರತದ ಮಾದರಿಗಳಿಗೂ ಸ್ಥಾನ ದೊರೆಯಿತು. ಅಲಂಕಾರಕ್ಕೆ ಜ್ಯಾಮಿತಿಯೇ ಆಧಾರವಾಗಬೇಕು, ನಿಸರ್ಗದ ರೂಪವನ್ನು ಹಾಗೆಯೇ ಇಳಿಸದೆ ಸರಳಗೊಳಿಸಿ ಬಳಸಬೇಕು ಎಂಬ ಸೂತ್ರಗಳು ಅದರಲ್ಲಿವೆ. ಭಾರತದ ನೇಕಾರನು ಕೈಯಿಂದ ಬಲ್ಲ ವಿದ್ಯೆ ಹೀಗೆ ಲಂಡನ್ನಿಗೆ ಹೋಗಿ ಸೂತ್ರವಾಯಿತು. ಸೂತ್ರವು ಪಾಠಕ್ರಮವಾಗಿ ಹಡಗು ಹತ್ತಿ ಭಾರತಕ್ಕೆ ಮರಳಿತು. ಮರಳಿದಾಗ ಅದು ಇಂಗ್ಲಿಷ್ ವಿದ್ಯೆಯಾಗಿತ್ತು.

೩

ಭಾರತದಲ್ಲಿ ಮೊದಲ ಕಲಾಶಾಲೆ ಹುಟ್ಟಿದುದು ಮದರಾಸಿನಲ್ಲಿ, ೧೮೫೦ರಲ್ಲಿ, ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯನ ಪ್ರಯತ್ನದಿಂದ. ೧೮೫೪ರಲ್ಲಿ ಕಲಕತ್ತೆಯ ಶಾಲೆ ಬಂದಿತು. ಮುಂಬಯಿಯಲ್ಲಿ ಪಾರಸಿ ವರ್ತಕ ಸರ್ ಜಮಸೇಟಜಿ ಜೀಜೀಭಾಯಿಯವರು ೧೮೫೩ರಲ್ಲಿ ಒಂದು ಲಕ್ಷ ರೂಪಾಯಿಗಳ ದಾನವನ್ನು ಘೋಷಿಸಿದರು. ಅವರ ಹೆಸರಿನ ಶಾಲೆ ೧೮೫೭ರಲ್ಲಿ ಆರಂಭವಾಯಿತು. ಮುಂಬಯಿ ವಿಶ್ವವಿದ್ಯಾಲಯವೂ ಹುಟ್ಟಿದುದು ಅದೇ ವರ್ಷ. ವಿಶ್ವವಿದ್ಯಾಲಯವು ಕಚೇರಿಗೆ ಬೇಕಾದ ಪದವೀಧರರನ್ನೂ ಕಲಾಶಾಲೆಯು ಕೈಗಾರಿಕೆಗೆ ಬೇಕಾದ ಕುಶಲರನ್ನೂ ಕೊಡಬೇಕೆಂಬುದು ಆ ಕಾಲದ ನಿರೀಕ್ಷೆಯಾಗಿತ್ತು.

೧೮೬೫ರಲ್ಲಿ ಈ ಶಾಲೆಗೆ ಇಬ್ಬರು ಇಂಗ್ಲಿಷ್ ಕಲಾಶಿಕ್ಷಕರು ಬಂದರು. ಜಾನ್ ಲಾಕ್‌ವುಡ್ ಕಿಪ್ಲಿಂಗ್ ಕಟ್ಟಡಗಳ ಅಲಂಕರಣ ಶಿಲ್ಪವನ್ನು ಕಲಿಸಿದ. ಜಾನ್ ಗ್ರಿಫಿತ್ಸ್ ಚಿತ್ರವನ್ನು ಕಲಿಸಿದ. ಮರುವರ್ಷ ಶಾಲೆಯ ಆಡಳಿತವನ್ನು ಸರಕಾರವೇ ವಹಿಸಿಕೊಂಡಿತು. ೧೮೭೫ರಲ್ಲಿ ಕಿಪ್ಲಿಂಗ್ ಲಾಹೋರಿಗೆ ಹೋದ. ಗ್ರಿಫಿತ್ಸನು ತನ್ನ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ೧೮೭೨ರಿಂದ ೧೮೮೫ರವರೆಗೆ ಅಜಂತೆಯ ಭಿತ್ತಿಚಿತ್ರಗಳ ಪ್ರತಿಗಳನ್ನು ಮಾಡಿಸಿದ. ಆ ಪ್ರತಿಗಳಲ್ಲಿ ಅನೇಕವು ಲಂಡನ್ನಿನಲ್ಲಿ ಬೆಂಕಿಗೆ ಆಹುತಿಯಾದರೂ, ಉಳಿದ ಸಾಮಗ್ರಿ ೧೮೯೬–೯೭ರಲ್ಲಿ ಎರಡು ಸಂಪುಟಗಳಾಗಿ ಹೊರಬಂದಿತು.

ಈ ಶಾಲೆಗೆ ಈಗಿನ ಕಟ್ಟಡ ದೊರೆತುದು ೧೮೭೮ರಲ್ಲಿ. ಅದರ ಮರುವರ್ಷ, ೧೮೭೯ರಲ್ಲಿ, ಚಿತ್ರಲೇಖನವನ್ನು ಒಂದು ಪಾಠವಿಷಯವಾಗಿ ಕಲಿಸುವ ವ್ಯವಸ್ಥೆ ಆರಂಭವಾಯಿತು. ೧೮೯೧ರಲ್ಲಿ ಕರಕುಶಲ ಕೆಲಸಗಳಿಗಾಗಿ ಲಾರ್ಡ್ ರೇ ಅವರ ಹೆಸರಿನ ಕಾರ್ಯಾಗಾರಗಳು ಎದ್ದುವು. ೧೮೯೩ರಲ್ಲಿ ಚಿತ್ರಕಲಾ ಶಿಕ್ಷಕರನ್ನು ತರಬೇತುಗೊಳಿಸುವ ತರಗತಿ ಬಂದಿತು. ಪ್ರಕೃತ ವಿಷಯಕ್ಕೆ ಈ ಕೊನೆಯದೇ ಮುಖ್ಯವಾದುದು. ಕಲಾಶಾಲೆಯು ಮಹಾನಗರದ ಒಂದು ಸಂಸ್ಥೆ. ಚಿತ್ರದ ಶಿಕ್ಷಕನಾದರೋ ಪ್ರಮಾಣಪತ್ರವನ್ನು ಹಿಡಿದುಕೊಂಡು ಜಿಲ್ಲೆಯ ಊರಿಗೆ ಹೋಗಬಲ್ಲವನು. ಅವನು ಹೋದಲ್ಲೆಲ್ಲ ಕಲಾಶಾಲೆಯ ಪಾಠಕ್ರಮವೂ ಹೋಯಿತು. ಪಾಠಕ್ರಮ ಹೋದಲ್ಲೆಲ್ಲ ಅದರ ಪರೀಕ್ಷೆಯೂ ಹೋಯಿತು.

ಪರೀಕ್ಷೆಯ ಸ್ವರೂಪ ಕಾಲಕಾಲಕ್ಕೆ ಅಲ್ಪಸ್ವಲ್ಪ ಬದಲಾಗಿದ್ದರೂ ಅದರ ಅಸ್ಥಿಪಂಜರ ಹೆಚ್ಚು ಬದಲಾಗಿಲ್ಲ. ಎದುರಿಗೆ ಇಟ್ಟ ಮಡಿಕೆ, ಪೆಟ್ಟಿಗೆ, ಪುಸ್ತಕಗಳನ್ನು ನೋಡಿ ಬರೆಯುವ ವಸ್ತುಚಿತ್ರ ಒಂದು. ನೋಡದೆ ನೆನಪಿನಿಂದ ಸಂತೆ, ಜಾತ್ರೆ, ಬಾವಿಕಟ್ಟೆಗಳನ್ನು ಬರೆಯುವ ಸ್ಮೃತಿಚಿತ್ರ ಒಂದು. ಚೌಕದಲ್ಲೋ ವೃತ್ತದಲ್ಲೋ ಹೂಬಳ್ಳಿಯನ್ನು ಹೊಂದಿಸಿ ಬಣ್ಣ ತುಂಬುವ ವಿನ್ಯಾಸ ಒಂದು. ಧಾರವಾಡದವರು ಭೂಮಿತಿಯೆಂದೂ ಮೈಸೂರಿನವರು ರೇಖಾಗಣಿತವೆಂದೂ ಕರೆದ ಜ್ಯಾಮಿತಿ, ಅದರೊಡನೆ ಅಕ್ಷರಲೇಖನ ಒಂದು. ಇಂಟರ್‌ಮೀಡಿಯೆಟ್ಟಿನಲ್ಲಿ ಇವೇ ವಿಷಯಗಳು ಹೆಚ್ಚಿನ ಮಟ್ಟದಲ್ಲಿ ಬರುತ್ತವೆ. ಘನಾಕೃತಿಗಳ ಜ್ಯಾಮಿತಿ ಸೇರಿಕೊಳ್ಳುತ್ತದೆ. ಕಣ್ಣು, ನೆನಪು, ಕಲ್ಪನೆ, ಅಳತೆ ಎಂಬ ನಾಲ್ಕು ಶಕ್ತಿಗಳನ್ನು ಬೇರೆಬೇರೆಯಾಗಿ ಪರೀಕ್ಷಿಸುವ ಈ ಏರ್ಪಾಡು ವಿವೇಕದಿಂದ ಕೂಡಿದುದೆಂಬುದನ್ನು ಅಲ್ಲಗಳೆಯಲಾಗದು.

೪

ಈ ಏರ್ಪಾಡು ಕನ್ನಡ ಜಿಲ್ಲೆಗಳ ಪಾಲಿಗೆ ಏನಾಯಿತೆಂಬುದನ್ನು ಈಗ ನೋಡಬಹುದು. ಅಂದು ಕನ್ನಡ ನಾಡು ಮುಂಬಯಿ, ಮದರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಸಣ್ಣ ಸಂಸ್ಥಾನಗಳು ಬೇರೆ. ಒಂದೊಂದು ಆಡಳಿತದಲ್ಲಿ ಚಿತ್ರ ಕಲಿಯುವ ಹುಡುಗನಿಗೆ ಒಂದೊಂದು ದಾರಿ. ಮೈಸೂರಿನವನಿಗೆ ಅರಮನೆಯ ಆಶ್ರಯವೂ ೧೯೧೩ರಲ್ಲಿ ತೆರೆದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯೂ ಇದ್ದುವು. ದಕ್ಷಿಣ ಕನ್ನಡದವನು ಮದರಾಸಿನ ಪರೀಕ್ಷೆಗಳ ಕಡೆ ನೋಡಬೇಕಾಗಿತ್ತು. ೧೮೬೨ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡದವನಿಗೂ ಧಾರವಾಡ, ಬೆಳಗಾವಿ, ವಿಜಾಪುರದವರಿಗೂ ಅರಮನೆ ಇರಲಿಲ್ಲ, ಇದ್ದುದು ಪರೀಕ್ಷೆ.

ಪರೀಕ್ಷೆಯ ಒಂದು ಗುಣವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮುಂಬಯಿ ಇಲಾಖೆಯಲ್ಲಿ ಕನ್ನಡಿಗನು ಭಾಷೆಯ ದೃಷ್ಟಿಯಿಂದ ಅಂಚಿನವನು. ಹತ್ತೊಂಬತ್ತನೆಯ ಶತಮಾನದ ಬಹುಭಾಗ ಅವನ ಜಿಲ್ಲೆಗಳ ಕಚೇರಿಗಳಲ್ಲೂ ಶಾಲೆಗಳಲ್ಲೂ ಮರಾಠಿಯ ಪ್ರಾಬಲ್ಯವಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಸೆಣಸಬೇಕಾಯಿತು. ಉನ್ನತ ಶಿಕ್ಷಣ ಇಂಗ್ಲಿಷಿನಲ್ಲಿ. ಹೀಗಿರಲು, ಭಾಷೆಯ ತೊಡಕು ಅತ್ಯಲ್ಪವಾದ ಪರೀಕ್ಷೆಯೆಂದರೆ ಚಿತ್ರದ್ದು. ಮಡಿಕೆಯ ಬಾಯನ್ನು ಸರಿಯಾದ ದೀರ್ಘವೃತ್ತವಾಗಿ ಬರೆದವನ ಮಾತೃಭಾಷೆ ಯಾವುದೆಂದು ಉತ್ತರದ ಹಾಳೆ ಹೇಳುವುದಿಲ್ಲ. ಇಂಗ್ಲಿಷಿನಲ್ಲಿ ಹಿಂದೆ ಬಿದ್ದ ಹುಡುಗನು, ಬಡಿಗತನ, ಕಂಬಾರಿಕೆ, ಅಕ್ಕಸಾಲಿಕೆ, ನೇಯ್ಗೆ, ಮೂರ್ತಿಕಲೆಗಳ ಮನೆಯಲ್ಲಿ ಹುಟ್ಟಿ ಕೈಚಳಕವನ್ನು ಬಳುವಳಿಯಾಗಿ ಪಡೆದ ಹುಡುಗನು, ಇಲ್ಲಿ ಮುಂದಿನ ಬೆಂಚಿಗೆ ಬರಬಹುದಾಗಿತ್ತು. ಗ್ರೇಡ್ ಪರೀಕ್ಷೆಗಳನ್ನು ಮುಗಿಸಿ ಶಿಕ್ಷಕರ ತರಬೇತಿಯನ್ನು ಪಡೆದವನಿಗೆ ಹೈಸ್ಕೂಲಿನಲ್ಲಿ ‘ಡ್ರಾಯಿಂಗ್ ಮಾಸ್ತರ’ನ ಕೆಲಸವುಂಟು. ಸಂಬಳ ದೊಡ್ಡದಲ್ಲದಿದ್ದರೂ ತಿಂಗಳಿಗೊಮ್ಮೆ ತಪ್ಪದೆ ಬರುವುದು. ತಂದೆಯ ಕಸಬಿಗೆ ಗಿರಣಿಯ ಸರಕು ಕುತ್ತು ತಂದ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇನ್ನೂ ಮುಂದೆ ಹೋಗಬಯಸಿದವನಿಗೆ ಮುಂಬಯಿಯ ರೈಲು ಇತ್ತು. ದಂಡಾವತಿಮಠರು ಮುಂಬಯಿಯಲ್ಲಿ ನಡೆಸಿದ ನೂತನ ಕಲಾಮಂದಿರವು ಹೀಗೆ ಬಂದ ಕನ್ನಡ ಹುಡುಗರಿಗೆ ಆಸರೆಯಾಯಿತು. ಉಡುಪಿಯ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರೂ ಕಲಬುರ್ಗಿಯ ಎಸ್. ಎಂ. ಪಂಡಿತರೂ ಅಲ್ಲಿ ಕಲಿತವರು. ಹೆಬ್ಬಾರರು ೧೯೩೪ರಿಂದ ೧೯೩೮ರವರೆಗೆ ಜೆ. ಜೆ. ಶಾಲೆಯಲ್ಲಿ ಓದಿ, ೧೯೪೦ರಿಂದ ೧೯೪೫ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು. ಮದರಾಸು ಇಲಾಖೆಯ ಕರಾವಳಿಯಿಂದಲೂ ನಿಜಾಮನ ಸೀಮೆಯಿಂದಲೂ ಬಂದ ಇವರಿಬ್ಬರು ಮುಂಬಯಿಯಲ್ಲಿ ಒಂದೇ ಗುರುವಿನ ಬಳಿ ಸೇರಿದುದು, ನಾಡು ಒಂದಾಗುವ ಮೊದಲೇ ಕನ್ನಡದ ಕಲಾವಿದರು ಹೊರನಾಡಿನಲ್ಲಿ ಒಂದಾಗಿದ್ದರೆಂಬುದಕ್ಕೆ ನಿದರ್ಶನ. ಒಳನಾಡಿನಲ್ಲಿಯೂ ಧಾರವಾಡದಲ್ಲಿ ಡಿ. ವಿ. ಹಾಲಭಾವಿ, ಹುಬ್ಬಳ್ಳಿಯಲ್ಲಿ ಎಂ. ವಿ. ಮಿಣಜಿಗಿ, ಗದಗಿನಲ್ಲಿ ಟಿ. ಪಿ. ಅಕ್ಕಿ ಮೊದಲಾದವರು ಖಾಸಗಿ ಕಲಾಶಾಲೆಗಳನ್ನು ಕಟ್ಟಿದರು. ಉತ್ತರ ಕರ್ನಾಟಕದಲ್ಲಿ ಕಲಾಶಾಲೆಗಳು ಹೀಗೆ ಊರೂರಿಗೆ ಬೆಳೆದುದರ ಹಿಂದೆ ಗ್ರೇಡ್ ಪರೀಕ್ಷೆಗಳ ಪರಂಪರೆ ಸಿದ್ಧಪಡಿಸಿದ ನೆಲವಿದೆ.

೫

ಇದು ಜಮೆಯ ಬದಿ. ಖರ್ಚಿನ ಬದಿಯನ್ನು ನೋಡದೆ ಲೆಕ್ಕ ಮುಗಿಯದು.

ಚಿತ್ರದ ಶಿಕ್ಷಕನಿಗೆ ಶಾಲೆಯಲ್ಲಿ ದೊರೆತ ಸ್ಥಾನ ಯಾವುದು? ಅವನ ತಾಸು ವಾರಕ್ಕೆ ಒಂದೋ ಎರಡೋ. ಮುಖ್ಯ ಪರೀಕ್ಷೆ ಹತ್ತಿರ ಬಂದಾಗ ಅದೂ ಗಣಿತದ ಪಾಲು. ನಾಟಕದ ಪರದೆ, ಸ್ನೇಹಸಮ್ಮೇಲನದ ಫಲಕ, ಗೋಡೆಯ ಮೇಲಣ ಸುಭಾಷಿತ, ಇವೆಲ್ಲಕ್ಕೂ ಅವನು ಬೇಕು. ಮಗುವಿನ ಬುದ್ಧಿಯ ಬೆಳವಣಿಗೆಯ ಚರ್ಚೆ ನಡೆಯುವಾಗ ಅವನ ಮಾತನ್ನು ಯಾರೂ ಕೇಳರು. ಗ್ರೇಡ್ ಪರೀಕ್ಷೆಯ ಫಲವೊಂದೇ ಅವನ ಕೈಯಲ್ಲಿದ್ದ ಮಾನದಂಡ. ಆದಕಾರಣ ಅವನು ಒಳ್ಳೆಯ ಕೈಯುಳ್ಳ ಹತ್ತಾರು ಹುಡುಗರನ್ನು ಆರಿಸಿ, ಶಾಲೆ ಬಿಟ್ಟ ಮೇಲೆ ಕೂರಿಸಿ ತಿದ್ದಿದ. ಮಿಕ್ಕವರು ‘ನನಗೆ ಚಿತ್ರ ಬರುವುದಿಲ್ಲ’ ಎಂಬ ತೀರ್ಪನ್ನು ತಮ್ಮ ಮೇಲೆ ತಾವೇ ಬರೆದುಕೊಂಡು ಹೊರಟುಹೋದರು. ‘ನನಗೆ ಓದಲು ಬರುವುದಿಲ್ಲ’ ಎಂದು ಮಗು ಹೇಳಿದರೆ ಶಾಲೆ ನಾಚಿಕೊಳ್ಳುತ್ತದೆ. ‘ನನಗೆ ಚಿತ್ರ ಬರುವುದಿಲ್ಲ’ ಎಂದರೆ ಅದನ್ನು ಹುಟ್ಟುಗುಣವೆಂದು ಒಪ್ಪಿಕೊಳ್ಳುತ್ತದೆ. ಎಲ್ಲರಿಗೂ ಕಲಿಸಬೇಕೆಂದು ಬಂದ ವಿಷಯವು ಕೆಲವರನ್ನು ಆರಿಸುವ ಜರಡಿಯಾಯಿತು.

ಇದಕ್ಕಿಂತ ದೊಡ್ಡ ನಷ್ಟ ವಿನ್ಯಾಸದ ಪತ್ರಿಕೆಯಲ್ಲಿದೆ. ಧಾರವಾಡದ ಹೆಣ್ಣುಮಕ್ಕಳು ಹಾಕುತ್ತ ಬಂದ ಕಸೂತಿಯನ್ನು ನೋಡಿರಿ. ಬಟ್ಟೆಯ ಮೇಲೆ ನಕ್ಷೆಯನ್ನು ಮೊದಲು ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸಿ ಸೂಜಿಯನ್ನು ನಡೆಸುತ್ತಾರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಬಗೆಯ ಹೊಲಿಗೆ. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಸ್ಥಳವನ್ನು ತುಂಬುವುದರಿಂದ ಬಟ್ಟೆಯ ಎರಡು ಮಗ್ಗುಲೂ ಒಂದೇ ತೆರನಾಗಿ ಕಾಣುತ್ತವೆ. ಗೋಪುರ, ತೇರು, ಆನೆ, ತುಳಸಿಕಟ್ಟೆ ಎಲ್ಲವೂ ನೇರವಾದ ಗೆರೆ, ಓರೆಗೆರೆಗಳಲ್ಲಿ ಮೂಡುತ್ತವೆ. ಇಡೀ ನಕ್ಷೆಯನ್ನು ಮನಸ್ಸಿನಲ್ಲಿ ಹಿಡಿದು, ಮರಳುವ ದಾರಿಯನ್ನು ಮುಂಗಂಡು ಸೂಜಿಯನ್ನು ಚುಚ್ಚುವುದು ಜ್ಯಾಮಿತಿಯಲ್ಲದೆ ಮತ್ತೇನು? ಓವೆನ್ ಜೋನ್ಸನ ಸೂತ್ರಗಳು ಬಯಸಿದುದೆಲ್ಲ ಅಲ್ಲಿದೆ. ಇಳಕಲ್ಲಿನ ಸೀರೆಯ ಗೋಮಿ, ಪರಾಸ, ಗಾಡಿ ಎಂಬ ದಡಿಗಳಲ್ಲಿ, ನವಲಗುಂದದ ಜಮಖಾನೆಯಲ್ಲಿ, ಅಂಗಳದ ರಂಗೋಲಿಯಲ್ಲಿ, ಮನೆಮನೆಯ ಕೌದಿಯಲ್ಲಿ ಅದೇ ವಿದ್ಯೆ ಬೇರೆಬೇರೆ ರೂಪಗಳಲ್ಲಿದೆ.

ಹೀಗಿದ್ದೂ ಆ ಮನೆಗಳಿಂದ ಬಂದ ಮಕ್ಕಳ ಮುಂದೆ ಹಳೆಯ ಚಿತ್ರದ ತರಗತಿ ಇಟ್ಟುದು ಯುರೋಪಿನ ಬಳ್ಳಿಸುರುಳಿಯ ಮಾದರಿಯನ್ನು. ತಾಯಿಯ ಕುಪ್ಪಸದ ಕಣದ ಮೇಲಣ ತೇರು ವಿನ್ಯಾಸವೆಂದು ಮಗುವಿಗೆ ಯಾರೂ ಹೇಳಲಿಲ್ಲ. ಹೆಣ್ಣುಮಕ್ಕಳಿಗೆ ಹೊಲಿಗೆ, ಗಂಡುಮಕ್ಕಳಿಗೆ ಚಿತ್ರ ಎಂಬ ಹಳೆಯ ವಿಭಾಗವು ಈ ಅಗಲಿಕೆಯನ್ನು ಇನ್ನೂ ಗಟ್ಟಿಮಾಡಿತು: ಒಂದು ಗೃಹಕೃತ್ಯವೆನಿಸಿತು, ಇನ್ನೊಂದು ವಿದ್ಯೆಯೆನಿಸಿತು. ನಾಡಿನ ಶಿಲ್ಪದ ಗತಿಯೂ ಇದೇ. ಧಾರವಾಡ ಮತ್ತು ಮೈಸೂರು ಸೀಮೆಯ ದೇವಾಲಯಗಳ ಛಾಯಾಚಿತ್ರಗಳ ದೊಡ್ಡ ಗ್ರಂಥವೊಂದು ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರವಣಿಗೆಯೊಡನೆ ೧೮೬೬ರಲ್ಲಿಯೇ ಲಂಡನ್ನಿನಲ್ಲಿ ಪ್ರಕಟವಾಗಿತ್ತು. ಚಾಲುಕ್ಯ ಶಿಲ್ಪಿಯ ಕಂಬ, ಜಾಲಂಧ್ರಗಳನ್ನು ಅಲ್ಲಿಯ ವಿದ್ವಾಂಸರು ಬೆರಗಿನಿಂದ ನೋಡುತ್ತಿದ್ದ ಕಾಲದಲ್ಲಿ, ಆ ಕಂಬಗಳ ನೆರಳಿನಲ್ಲೇ ಆಡಿ ಬೆಳೆದ ಹುಡುಗನಿಗೆ ಅವು ಪಾಠವಾಗಲಿಲ್ಲ.

೬

ಈ ಪದ್ಧತಿಯ ದೋಷಗಳು ಯಾರ ಕಣ್ಣಿಗೂ ಬೀಳಲಿಲ್ಲವೆಂದಲ್ಲ. ೧೮೯೬ರಲ್ಲಿ ಕಲಕತ್ತೆಯ ಕಲಾಶಾಲೆಗೆ ಬಂದ ಇ. ಬಿ. ಹ್ಯಾವೆಲ್, ಯುರೋಪಿನ ಅಚ್ಚುಗಳ ನಕಲನ್ನು ಬಿಟ್ಟು ಭಾರತದ ಪರಂಪರೆಯ ಕಡೆ ತಿರುಗಬೇಕೆಂದು ವಾದಿಸಿದ. ಅವನೀಂದ್ರನಾಥ ಠಾಕೂರರ ಸುತ್ತ ಹೊಸ ಪಂಥವೊಂದು ಬೆಳೆಯಿತು, ಮೈಸೂರಿನ ಕೆ. ವೆಂಕಟಪ್ಪನವರು ೧೯೦೯ರಲ್ಲಿ ಅಲ್ಲಿಗೆ ಹೋಗಿ ಅವರ ಶಿಷ್ಯರಾದರು. ೧೯೧೯ರಲ್ಲಿ ಶಾಂತಿನಿಕೇತನದ ಕಲಾಭವನ ಹುಟ್ಟಿತು. ಅದೇ ಸುಮಾರಿಗೆ ಮುಂಬಯಿಯ ಶಾಲೆಗೆ ಬಂದ ಗ್ಲ್ಯಾಡ್‌ಸ್ಟನ್ ಸಾಲೊಮನ್ ಭಿತ್ತಿಚಿತ್ರಕ್ಕೆ ಪ್ರೋತ್ಸಾಹವಿತ್ತ. ಆದರೆ ಈ ಚಳವಳಿಗಳೆಲ್ಲ ಕಲಾಶಾಲೆಗಳ ಒಳಗೆ ನಡೆದುವು. ಕಲಕತ್ತೆಯೋ ಮುಂಬಯಿಯೋ, ಯಾವ ಪಂಥ ಸರಿ ಎಂಬ ವಾದ ಪತ್ರಿಕೆಗಳಲ್ಲಿ ಕಾವೇರಿದಾಗಲೂ ಜಿಲ್ಲೆಯ ಹೈಸ್ಕೂಲಿನಲ್ಲಿ ಹುಡುಗನು ಮಡಿಕೆಯ ಬಾಯನ್ನು ಅಳಿಸಿ ಅಳಿಸಿ ತಿದ್ದುತ್ತಲೇ ಇದ್ದನು.

ಶಾಲೆಯ ಮಗುವನ್ನೇ ಕುರಿತು ಯೋಚಿಸಿದವರು ಬೇರೆ. ವಿಯೆನ್ನಾದಲ್ಲಿ ಫ್ರಾನ್ಸ್ ಚಿಜೆಕ್ ೧೮೯೭ರಲ್ಲಿ ಮಕ್ಕಳ ಕಲಾತರಗತಿಯನ್ನು ತೆರೆದು, ಮಗುವಿನ ಚಿತ್ರ ದೊಡ್ಡವರ ಚಿತ್ರದ ಕೆಟ್ಟ ನಕಲಲ್ಲ, ಅದಕ್ಕೆ ಅದರದೇ ಆದ ನಿಯಮವುಂಟು ಎಂದು ತೋರಿಸಿದ. ಇಂಗ್ಲೆಂಡಿನಲ್ಲಿ ಹರ್ಬರ್ಟ್ ರೀಡ್ ೧೯೪೩ರಲ್ಲಿ, ಕಲೆಯು ಶಿಕ್ಷಣದ ಒಂದು ವಿಷಯವಾಗಿರುವುದು ಸಾಲದು, ಶಿಕ್ಷಣದ ಮಾರ್ಗವೇ ಆಗಬೇಕೆಂದು ಪ್ರತಿಪಾದಿಸಿದ. ಭಾರತದಲ್ಲಿ ಗಾಂಧೀಜಿಯವರು ೧೯೩೭ರಲ್ಲಿ ವಾರ್ಧಾದಲ್ಲಿ ಮುಂದಿಟ್ಟ ಮೂಲಶಿಕ್ಷಣವು ಕೈಕಸುಬನ್ನು ಪಾಠದ ಕೇಂದ್ರದಲ್ಲಿರಿಸಿತು. ಝಾಕಿರ್ ಹುಸೇನ್ ಸಮಿತಿಯ ಪಾಠಕ್ರಮದಲ್ಲಿ ಚಿತ್ರ, ಸಂಗೀತಗಳಿಗೂ ಸ್ಥಾನವಿತ್ತು. ಮರುವರ್ಷ ಹರಿಪುರ ಕಾಂಗ್ರೆಸ್ಸಿಗಾಗಿ ನಂದಲಾಲ ಬೋಸರು ಹಳ್ಳಿಯ ಕಸಬುದಾರರನ್ನೇ ವಿಷಯವಾಗಿಸಿ ಚಿತ್ರಗಳನ್ನು ಬರೆದರು. ಕನ್ನಡದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಆಟ, ಕುಣಿತ, ಚಿತ್ರಗಳ ಮೂಲಕ ಲೋಕವನ್ನು ತೆರೆದು ತೋರಲು ಯತ್ನಿಸಿದರು. ಇವೆಲ್ಲ ದೊಡ್ಡ ಮನಸ್ಸಿನ ಪ್ರಯೋಗಗಳು. ಮಾಧ್ಯಮಿಕ ಶಾಲೆಯ ವೇಳಾಪಟ್ಟಿಯನ್ನು ಇವು ಬದಲಿಸ ಲಾರದೆ ಹೋದುವು. ಪ್ರಯೋಗಕ್ಕೆ ಅಂಕಗಳಿಲ್ಲ, ಪರೀಕ್ಷೆಗೆ ಅಂಕಗಳುಂಟು.

ಸ್ವಾತಂತ್ರ್ಯದ ತರುವಾಯ ೧೯೫೨–೫೩ರ ಮುದಲಿಯಾರ್ ಆಯೋಗವು ಮಾಧ್ಯಮಿಕ ಶಿಕ್ಷಣ ಬರಿಯ ಪುಸ್ತಕದ ಓದಾಗಿದೆಯೆಂದು ಆಕ್ಷೇಪಿಸಿ, ವಿವಿಧೋದ್ದೇಶ ಶಾಲೆಗಳನ್ನು ಸೂಚಿಸಿತು. ಅದು ಹೇಳಿದ ಏಳು ಐಚ್ಛಿಕ ಗುಂಪುಗಳಲ್ಲಿ ಲಲಿತಕಲೆಗಳದು ಒಂದು. ವಿಜ್ಞಾನ, ಮಾನವಿಕಗಳ ಸಾಲಿನಲ್ಲಿ ಕಲೆಗೆ ಸಮಾನ ಪೀಠವನ್ನು ಕೊಟ್ಟ ಈ ಸೂಚನೆ ಮಹತ್ತ್ವದ್ದು. ಆದರೆ ಪೀಠವಿದ್ದರೆ ಸಾಲದು. ಪ್ರತ್ಯೇಕ ಕೋಣೆ, ಸಾಮಗ್ರಿ, ಶಿಕ್ಷಕರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಆ ಗುಂಪನ್ನು ಆರಿಸಿಕೊಂಡ ಮಗನ ಮುಂದಿನ ಜೀವನದ ಬಗೆಗೆ ತಂದೆಗೆ ಧೈರ್ಯ ಬೇಕು. ಎಂಜಿನಿಯರಿಂಗ್, ವೈದ್ಯಕೀಯಗಳ ಬಾಗಿಲು ವಿಜ್ಞಾನದ ಗುಂಪಿನಲ್ಲಿದ್ದಾಗ ಆ ಧೈರ್ಯ ಬರುವುದು ಸುಲಭವಲ್ಲ.

೧೯೫೬ರ ನವೆಂಬರ್ ೧ರಂದು ಕನ್ನಡ ಜಿಲ್ಲೆಗಳು ಮುಂಬಯಿಯಿಂದ ಬೇರ್ಪಟ್ಟು ವಿಶಾಲ ಮೈಸೂರಿಗೆ ಸೇರಿದುವು. ಮಹಾರಾಷ್ಟ್ರದಲ್ಲಿ ೧೯೬೫ರಲ್ಲಿ ಪ್ರತ್ಯೇಕ ಕಲಾ ನಿರ್ದೇಶನಾಲಯ ಸ್ಥಾಪಿತವಾಗಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳ ಹೊಣೆ ಅದಕ್ಕೆ ಬಂದಿತು. ಕರ್ನಾಟಕದಲ್ಲಿ ಚಿತ್ರಕಲಾ ಲೋಯರ್, ಹೈಯರ್ ಗ್ರೇಡ್ ಎಂಬ ಹೆಸರಿನ ಪರೀಕ್ಷೆಗಳನ್ನು ಪ್ರೌಢಶಿಕ್ಷಣದ ಪರೀಕ್ಷಾ ಮಂಡಳಿ ನಡೆಸುತ್ತ ಬಂದಿದೆ. ಗಡಿ ಬದಲಾಯಿತು, ಹೆಸರು ಬದಲಾಯಿತು, ಏಣಿ ಉಳಿಯಿತು. ಇತ್ತೀಚೆಗೆ ಮಹಾರಾಷ್ಟ್ರದಲ್ಲಿ ಈ ಪರೀಕ್ಷೆಯ ಶ್ರೇಣಿಗೆ ಹತ್ತನೆಯ ತರಗತಿಯ ಫಲಿತಾಂಶದಲ್ಲಿ ಹೆಚ್ಚುವರಿ ಅಂಕಗಳನ್ನು ಕೊಡುವ ಪದ್ಧತಿಯೂ ಬಂದಿದೆ. ಫಲಕ್ಕೆ ತಕ್ಕ ವೇತನವೆಂಬ ಹಳೆಯ ತತ್ತ್ವವು ಶಿಕ್ಷಕನನ್ನು ಬಿಟ್ಟು ವಿದ್ಯಾರ್ಥಿಯ ಬಳಿಗೆ ಬಂದು ನಿಂತಂತಾಗಿದೆ. ೨೦೦೫ರ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆಯು ಎಲ್ಲರಿಗೂ ಇರಬೇಕೆಂದು ಹೇಳಿತು. ೨೦೨೦ರ ಶಿಕ್ಷಣ ನೀತಿಯು ಕಲೆ–ವಿಜ್ಞಾನಗಳ ನಡುವೆ, ಪಾಠ–ಪಾಠೇತರಗಳ ನಡುವೆ ಗೋಡೆ ಇರಬಾರದೆಂದಿತು. ಮಾತು ಸರಿಯಾಗಿದೆ. ಗೋಡೆ ಇರುವುದು ನೀತಿಯಲ್ಲಲ್ಲ, ವೇಳಾಪಟ್ಟಿಯಲ್ಲಿ.

೭

ಈ ಇತಿಹಾಸದಿಂದ ತಿಳಿಯುವುದೇನು? ಪರೀಕ್ಷೆಯನ್ನು ತೆಗೆದುಹಾಕಿದರೆ ಎಲ್ಲವೂ ನೆಟ್ಟಗಾಗುವುದೆಂಬ ವಾದವನ್ನು ಈ ಇತಿಹಾಸ ಸಮರ್ಥಿಸುವುದಿಲ್ಲ. ಪರೀಕ್ಷೆಯಿಲ್ಲದ ಕಡೆ ಚಿತ್ರದ ತಾಸು ಹೇಳಹೆಸರಿಲ್ಲದೆ ಹೋಗುವ ಸಂಭವವೇ ಹೆಚ್ಚು. ಕೆಳಗಿನ ಮೆಟ್ಟಿಲಿನ ಹುಡುಗನಿಗೆ ಅದು ಕೊಟ್ಟ ದಾರಿಯನ್ನು ಮುಚ್ಚುವುದು ನ್ಯಾಯವೂ ಅಲ್ಲ. ಬದಲಾಗಬೇಕಾದುದು ಪರೀಕ್ಷೆ ಕೇಳುವ ಪ್ರಶ್ನೆ. ಮತ್ತು ಪರೀಕ್ಷೆಗೆ ಕೂರದ ಮಗುವಿಗೂ ಆ ತಾಸಿನಲ್ಲಿ ಇರಬೇಕಾದ ಹಕ್ಕು. ಚಿತ್ರಕಾರನಾಗದ ಮಗುವಿಗೇ ಚಿತ್ರದ ತರಗತಿ ಹೆಚ್ಚು ಅವಶ್ಯ. ಚಿತ್ರಕಾರನಾಗುವವನು ಹೇಗೂ ದಾರಿಯನ್ನು ಹುಡುಕಿಕೊಳ್ಳುತ್ತಾನೆ. ಮುಂದೆ ಕಾರಕೂನನೋ ವ್ಯಾಪಾರಿಯೋ ವೈದ್ಯನೋ ಆಗುವವನು ತಾನು ವಾಸಿಸುವ ಬೀದಿಯನ್ನೂ ಉಡುವ ಬಟ್ಟೆಯನ್ನೂ ಕಟ್ಟಿಸುವ ಮನೆಯನ್ನೂ ಕಣ್ಣು ತೆರೆದು ನೋಡಲು ಕಲಿಯುವುದಕ್ಕೆ ಶಾಲೆಯ ಆ ಒಂದು ತಾಸಲ್ಲದೆ ಬೇರೆ ಅವಕಾಶವಿಲ್ಲ.

ಹೊರನಾಡಿನ ಕನ್ನಡಿಗರಿಗೆ ಈ ಮಾತು ಇನ್ನೂ ಹತ್ತಿರದ್ದು. ಮುಂಬಯಿ, ಪುಣೆ, ಸೊಲ್ಲಾಪುರಗಳಲ್ಲಿ ಬೆಳೆಯುವ ಕನ್ನಡದ ಮಕ್ಕಳು ಮನೆಯ ಭಾಷೆಯನ್ನು ಮರೆಯುತ್ತಿರುವರೆಂಬ ವ್ಯಸನವನ್ನು ಸಂಘಗಳ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಮನೆಯ ರೂಪಗಳನ್ನು ಮರೆಯುತ್ತಿರುವುದನ್ನು ಯಾರೂ ಎತ್ತಿ ಆಡಿದಂತಿಲ್ಲ. ಕಸೂತಿಯ, ಇಳಕಲ್ಲಿನ ದಡಿಯ, ರಂಗೋಲಿಯ, ಬಾದಾಮಿ–ಪಟ್ಟದಕಲ್ಲುಗಳ ಜಾಲಂಧ್ರದ ನಕ್ಷೆಗಳನ್ನು ಸಂಗ್ರಹಿಸಿ, ಅಳತೆ ಹಿಡಿದು ಬರೆಯಿಸಿ, ಒಂದು ಚಿಕ್ಕ ಮಾದರಿಪುಸ್ತಕವನ್ನಾಗಿ ನಗರದ ಶಾಲೆಗಳ ಚಿತ್ರಕಲಾ ಶಿಕ್ಷಕರ ಕೈಗೆ ಕೊಡುವುದು ಸಂಘವೊಂದಕ್ಕೆ ಅಸಾಧ್ಯವಾದ ಕೆಲಸವಲ್ಲ. ಪರೀಕ್ಷೆಯ ವಿನ್ಯಾಸದ ಪತ್ರಿಕೆ ಇಂಥ ರೂಪಗಳನ್ನು ಬೇಡವೆನ್ನುವುದಿಲ್ಲ. ಅವನ್ನು ಬರೆಯಬಹುದೆಂದು ಮಗುವಿಗೆ ತಿಳಿದಿರಬೇಕು, ಅಷ್ಟೆ. ಭಾಷೆ ಬೇರೆಯಾದ ಸಹಪಾಠಿಯೂ ಅದನ್ನು ಓದಬಲ್ಲನು.

ಕಸೂತಿಯ ಸೂಜಿ ಬಿಟ್ಟುಹೋದ ಸ್ಥಳವನ್ನು ಮರಳಿ ಬರುವಾಗ ತುಂಬುತ್ತದೆ. ಒಂದೂವರೆ ಶತಮಾನದ ಹಿಂದೆ ಗೆರೆಯೆಳೆಯುತ್ತ ಹೊರಟ ಶಾಲೆಯ ಚಿತ್ರಕಲೆ ಇನ್ನೂ ಮರಳುವ ದಾರಿಗೆ ತಿರುಗಬೇಕಾಗಿದೆ.